ಬಣ್ಣ ಹಚ್ಚಿದ ಕೂದಲು: ತೆಗೆಸುವುದೋ, ಬೆಳೆಯಲು ಬಿಡುವುದೋ?

ಕಾಯಂ ಡೈಯಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಕೂದಲಿಗೆ ಸಹಜ ಬಣ್ಣ ಕೊಡುವ ಮೆಲನಿನ್ನನ್ನೇ ಮಾಸಿಸುವುದರಿಂದ, ಕಲಬುರಗಿಯ ಸಲೂನಿನಲ್ಲಿ ಕಲರ್ ರಿಮೂವರ್ ಹಾಕಿಸಿಕೊಂಡರೆ ಕೃತಕ ಬಣ್ಣ ಬಹುಮಟ್ಟಿಗೆ ಹೋದರೂ ಕೆಳಗೆ ಕಾಣುವುದು ಹಳೆಯ ಕಪ್ಪಲ್ಲ, ತಾಮ್ರದಂಥ ಕೆಂಗಂದು. ಬ್ಲೀಚಿಗಿಂತ ಇದು ಸೌಮ್ಯವೇನೋ ಹೌದು; ಆದರೆ ಸರಿಯಾಗಿ ತೊಳೆಯದಿದ್ದರೆ ಬಣ್ಣ ಮತ್ತೆ ಗಾಢವಾಗುತ್ತದೆ.

ಬೆಳೆಯಲು ಬಿಟ್ಟರೆ ತಿಂಗಳಿಗೆ ಸಿಗುವುದು ಸುಮಾರು 1 ಸೆಂಟಿಮೀಟರ್, ಅಂದರೆ ಭುಜ ಮುಟ್ಟುವ ಕೂದಲಿಗೆ ಎರಡು ವರ್ಷಕ್ಕೂ ಹೆಚ್ಚು; ಹಾನಿಯೇ ಇಲ್ಲದ ದಾರಿ ಮಾತ್ರ ಇದೊಂದೇ. ಬೈತಲೆಯ ಬಳಿ ಎರಡು ಬೆರಳಗಲ ಕಪ್ಪು, ಅದರ ಕೆಳಗೆ ಬರ್ಗಂಡಿ ಕಾಣುವ ಮುಜುಗರದ ತಿಂಗಳುಗಳಿಗೆ, ಮೂಲ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದ ಡೆಮಿ-ಪರ್ಮನೆಂಟ್ (ತೊಳೆದಂತೆ ನಿಧಾನವಾಗಿ ಮಾಸುವ) ಬಣ್ಣವನ್ನು, 48 ಗಂಟೆ ಮೊದಲೇ ಕಿವಿಯ ಹಿಂದೆ ಅಲರ್ಜಿ ಪರೀಕ್ಷೆ ಮಾಡಿ, ಹಳೆಯ ಬಣ್ಣವಿರುವ ಭಾಗಕ್ಕಷ್ಟೇ ಹಚ್ಚಿಸುವುದು ನನ್ನ ಆಯ್ಕೆ. ಇಲ್ಲಿಯ ಮೇ ಬಿಸಿಲಿಗೆ ಅದು ಬೇಗ ಮಾಸುವುದರಿಂದ ತಲೆಯ ಮೇಲೆ ಸೆರಗೋ ಓಢಣಿಯೋ ಇರಲಿ.