ಕೈಪಂಪಿನ ಕಪ್ಪಿಂಗ್ ಸೆಟ್: ಉಪಕರಣ ಪರವಾಗಿಲ್ಲ, ಕೈಪಿಡಿಯನ್ನು ನಂಬಬೇಡಿ

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಭುಜದ ಮೇಲೆ ಕಂಡ ದುಂಡನೆಯ ಕಲೆಗಳು ಚರ್ಮದ ಮೇಲೆ ಬಟ್ಟಲನ್ನಿಟ್ಟು ಹೀರುವ ಬಲದಿಂದ ಚರ್ಮವನ್ನು ಮೇಲಕ್ಕೆಳೆಯುವ ಕಪ್ಪಿಂಗ್ ಎಂಬ ಹಳೆಯ ಚಿಕಿತ್ಸೆಯನ್ನು ಮತ್ತೆ ಸುದ್ದಿಗೆ ತಂದವು. ಕುಳಿತು ಮಾಡುವ ಕೆಲಸದಿಂದ ಹೆಗಲು ಬಿಗಿದುಕೊಂಡು ಬೇಸತ್ತಿದ್ದ ನಾನು ಕೈಪಂಪಿನ ಸೆಟ್ಟೊಂದನ್ನು ತರಿಸಿ, 6 ವಾರ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ 12 ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲುಗಳು, ಪಿಸ್ತೂಲಿನ ಆಕಾರದ ಪಂಪು ಮತ್ತು ಕೈಗೆಟುಕದ ಜಾಗಕ್ಕೆಂದು ಒಂದು ಕೊಳವೆ ಇವೆ. ಚರ್ಮಕ್ಕೆ ತೆಳುವಾಗಿ ಎಣ್ಣೆ ಸವರಿ, ಬಟ್ಟಲನ್ನು ಒತ್ತಿ ಹಿಡಿದು ಎರಡು ಸಲ ಪಂಪು ಎಳೆದರೆ ಚರ್ಮವು ಬಟ್ಟಲಿನೊಳಗೆ ಗುಮ್ಮಟದಂತೆ ಉಬ್ಬುತ್ತದೆ. ಮೂರನೆಯ ಎಳೆತಕ್ಕೆ ನನಗೆ ನೋವಾಗುತ್ತಿತ್ತು. ಮೇಲಿನ ಪುಟ್ಟ ಕವಾಟವನ್ನು ಎತ್ತಿದೊಡನೆ ಗಾಳಿ ಒಳನುಗ್ಗಿ ಬಟ್ಟಲು ಕಳಚಿಕೊಳ್ಳುತ್ತದೆ. ಸುಶ್ರುತ ಸಂಹಿತೆ ಹೇಳುವ ಸೋರೆಬುರುಡೆಯ ವಿಧಾನದಲ್ಲಿ ಒಳಗೆ ದೀಪವಿಟ್ಟು ಹೀರುವ ಬಲವನ್ನು ಪಡೆಯಬೇಕಿತ್ತು, ಗಾಜಿನ ಬಟ್ಟಲು ಬಳಸುವ ಚಿಕಿತ್ಸಕರು ಇಂದಿಗೂ ಬೆಂಕಿಯನ್ನೇ ನೆಚ್ಚಿದ್ದಾರೆ. ಇಲ್ಲಿ ಸುಟ್ಟುಕೊಳ್ಳುವ ಭಯವಿಲ್ಲ. ಆದರೆ ಎರಡು ಬಟ್ಟಲುಗಳ ಕವಾಟದಲ್ಲಿ ಗಾಳಿ ಸೋರಿ, ಅವು ಮೂರೇ ನಿಮಿಷಕ್ಕೆ ಉದುರಿಬಿದ್ದವು.

ನನ್ನ ನಿಜವಾದ ತಕರಾರು ಕೈಪಿಡಿಯ ಬಗ್ಗೆ. ಕಲೆ ಗಾಢವಾದಷ್ಟೂ ದೇಹದ ವಿಷ ಹೆಚ್ಚು ಹೊರಬಂದಿದೆ ಎಂದು ಅದು ಹೇಳುತ್ತದೆ. ವಾಸ್ತವದಲ್ಲಿ ಎಳೆತಕ್ಕೆ ಸಿಕ್ಕ ಸೂಕ್ಷ್ಮ ರಕ್ತನಾಳಗಳು ಒಡೆದು, ರಕ್ತವು ಚರ್ಮದಡಿಯಲ್ಲೇ ಹರಡಿಕೊಳ್ಳುತ್ತದೆ. ಏನೂ ಹೊರಗೆ ಬರುವುದಿಲ್ಲ. ನನ್ನ ಬೆನ್ನಿನ ಕಲೆ ನೇರಳೆಯಿಂದ ಹಸಿರಾಗಿ, ಹಳದಿಗೆ ತಿರುಗಿ 8 ದಿನಕ್ಕೆ ಮಾಸಿತು. ಬಿದ್ದು ಪೆಟ್ಟಾದಾಗ ಹಿಮೋಗ್ಲೋಬಿನ್ ಒಡೆಯುತ್ತಾ ಹೋದಂತೆ ಕಾಣುವ ಬಣ್ಣಗಳೂ ಇವೇ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇದರಿಂದ ದೂರವಿರಬೇಕು, ಉಬ್ಬಿದ ರಕ್ತನಾಳ ಅಥವಾ ಗಾಯದ ಮೇಲೆ ಬಟ್ಟಲು ಇಡಬಾರದು ಎಂಬ ಎಚ್ಚರಿಕೆಗೆ ಮಾತ್ರ ಅಲ್ಲಿ ಒಂದು ಸಾಲಿನಷ್ಟೂ ಜಾಗ ಸಿಕ್ಕಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಚರ್ಮವನ್ನು ಗೀರಿ ರಕ್ತ ತೆಗೆಯುವ ಹಿಜಾಮಾವನ್ನೂ ಮನೆಯಲ್ಲೇ ಮಾಡಬಹುದೆಂಬಂತೆ ಬರೆದಿರುವುದು. ಸೋಂಕಿನ ಅಪಾಯವಿರುವ ಆ ಕೆಲಸ ತರಬೇತಿ ಪಡೆದವರಿಗೂ ಶುದ್ಧೀಕರಿಸಿದ ಸಲಕರಣೆಗಳಿಗೂ ಸೇರಿದ್ದು.

ಹೆಗಲು ಸಡಿಲವಾದದ್ದು ನಿಜ, ಆದರೆ ಆ ಹಿತ ಮರುದಿನ ಸಂಜೆಯವರೆಗೆ ಮಾತ್ರ ಉಳಿಯುತ್ತಿತ್ತು. ಒಂದು ವಾರ ಬಟ್ಟಲುಗಳನ್ನು ಬದಿಗಿಟ್ಟು ಅದೇ ಎಣ್ಣೆಯಿಂದ ಬರಿಗೈಯಲ್ಲಿ ನೀವಿಸಿಕೊಂಡೆ. ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಹೀಗಿದ್ದೂ ಸೆಟ್ಟನ್ನು ಹಿಂದಿರುಗಿಸಿಲ್ಲ, ಏಕೆಂದರೆ ನೀವಲು ಎಲ್ಲ ದಿನವೂ ಯಾರಾದರೂ ಸಿಗುವುದಿಲ್ಲ.