ಹೆಸರು ಬೇಡವೆಂದವರ ಹಾಕಿ ಅಂಗಡಿ

ದಾವಣಗೆರೆಯಲ್ಲಿ ಕ್ರೀಡಾ ಸಾಮಗ್ರಿಗಳ ಅಂಗಡಿಗಳಿಗೆ ಬರವಿಲ್ಲವಾದರೂ ಅವುಗಳಲ್ಲಿ ಹೆಚ್ಚಿನವು ಕ್ರಿಕೆಟ್ ಬ್ಯಾಟುಗಳ ಸಾಲಿನ ಕೊನೆಗೆ ನಾಲ್ಕಾರು ಹಾಕಿ ಸ್ಟಿಕ್‌ಗಳನ್ನು ನಿಲ್ಲಿಸಿ ಸುಮ್ಮನಾಗುತ್ತವೆ. ಪಿ.ಬಿ. ರಸ್ತೆಯ ಬದಿಯ ಓಣಿಯೊಂದರಲ್ಲಿರುವ ಈ ಚಿಕ್ಕ ಅಂಗಡಿ ಆ ಗುಂಪಿಗೆ ಸೇರಿದ್ದಲ್ಲ. ಇದರ ಮಾಲೀಕರು ಕಾಲೇಜು ತಂಡದಲ್ಲಿ ಹಾಕಿ ಆಡಿದವರು. ಲಾಭದ ಒಂದು ಪಾಲನ್ನು ಪ್ರತಿವರ್ಷ ಕ್ರೀಡಾಪಟು ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆಂದು ತೆಗೆದಿಡುತ್ತಾರೆ. ಆ ನೆರವು ವ್ಯಾಪಾರದ ಪ್ರಚಾರವಾಗಬಾರದೆಂದು ಅವರು ಕೋರಿದ್ದರಿಂದ ಹೆಸರುಗಳನ್ನು ಇಲ್ಲಿ ಬರೆದಿಲ್ಲ.

ಮೊದಲು ಸಾಮಗ್ರಿಯ ಮಾತು. ಅಂತರರಾಷ್ಟ್ರೀಯ ನಿಯಮದಂತೆ ಸ್ಟಿಕ್ಕಿನ ತೂಕ 737 ಗ್ರಾಂ ಮೀರುವಂತಿಲ್ಲ, ಬಾಗು 25 ಮಿಲಿಮೀಟರ್ ದಾಟುವಂತಿಲ್ಲ. ಆದರೆ ಈ ಮಿತಿಯೊಳಗೆ ಯಾವ ಸ್ಟಿಕ್ ಯಾರಿಗೆ ಒಗ್ಗುತ್ತದೆ ಎಂಬುದನ್ನು ಆಡಿದವರೇ ಹೇಳಬೇಕು. ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೆಂದು ತುದಿಯ ಹತ್ತಿರ ಹೆಚ್ಚು ಬಾಗಿಸಿದ ಸ್ಟಿಕ್ ಹೊಸಬರ ಕೈಯಲ್ಲಿ ಚೆಂಡನ್ನು ಬೇಡದಿದ್ದರೂ ಮೇಲೆತ್ತುತ್ತದೆಯೆಂದೂ, ಸ್ಟಿಕ್ಕಿನಲ್ಲಿ ಕಾರ್ಬನ್ ನಾರು ಹೆಚ್ಚಿದ್ದಷ್ಟೂ ಹೊಡೆತಕ್ಕೆ ಬಲ ಬರುತ್ತದಾದರೂ ಬಂದ ಚೆಂಡನ್ನು ತಡೆದು ನಿಲ್ಲಿಸುವುದು ಕಷ್ಟವೆಂದೂ ವಿವರಿಸಿ, ದುಬಾರಿ ಸ್ಟಿಕ್ ಕೇಳಿ ಬಂದ ಹುಡುಗನಿಗೆ ಕಡಿಮೆ ಬೆಲೆಯದನ್ನೇ ಕೊಟ್ಟು ಕಳಿಸುವ ಮಾಲೀಕರನ್ನು ನಾನು ಬೇರೆಡೆ ಕಂಡಿಲ್ಲ. ಎಡಗೈ ಮಕ್ಕಳ ಪೋಷಕರು ಎಡಗೈ ಸ್ಟಿಕ್ ಕೇಳುವುದೂ ಉಂಟು. ಹಾಕಿಯಲ್ಲಿ ಅಂಥದ್ದಕ್ಕೆ ಅವಕಾಶವೇ ಇಲ್ಲವೆಂಬುದನ್ನು ಮಾಲೀಕರು ಬೇಸರವಿಲ್ಲದೆ ತಿಳಿಸುತ್ತಾರೆ. ದರ ಆನ್‌ಲೈನ್‌ಗಿಂತ ತುಸು ಹೆಚ್ಚು. ಗೋಲ್‌ಕೀಪರ್‌ನ ಪ್ಯಾಡು, ಹೆಲ್ಮೆಟ್ಟುಗಳನ್ನು ಮುಂಗಡ ಕೊಟ್ಟು ತರಿಸಿಕೊಳ್ಳಬೇಕು.

ಆದರೂ ಈ ಅಂಗಡಿಯ ಬಗ್ಗೆ ಬರೆಯಬೇಕೆನಿಸಿದ್ದು ವಿದ್ಯಾರ್ಥಿವೇತನದ ಕಾರಣಕ್ಕೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕ್ರೀಡಾಪಟುವಿಗೆ ತರಬೇತಿಯ ವೆಚ್ಚದ ಜೊತೆಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿನ ಭತ್ಯೆ ಸಿಗುತ್ತದೆ, ಅದು ದೊಡ್ಡ ನೆರವೇ ಸರಿ; ಆದರೆ ಅಲ್ಲಿಗೆ ತಲುಪುವ ಹೊತ್ತಿಗೆ ಮಗು ಆಗಲೇ ಆಯ್ಕೆದಾರರ ಕಣ್ಣಿಗೆ ಬಿದ್ದಿರಬೇಕು. ಅದಕ್ಕೂ ಮುಂಚಿನ ಎರಡು ಮೂರು ವರ್ಷಗಳಲ್ಲಿ, ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಬಸ್ಸು ಹಿಡಿದು ಬಂದು, ಬೆಳಗಿನ ಅಭ್ಯಾಸ ಮುಗಿಸಿ ಖಾಲಿ ಹೊಟ್ಟೆಯಲ್ಲಿ ತರಗತಿಗೆ ಹೋಗುವ ವಿದ್ಯಾರ್ಥಿಯ ಖರ್ಚನ್ನು ಮನೆಯವರಲ್ಲದೆ ಯಾರೂ ನೋಡುವುದಿಲ್ಲ. ಬಹಳಷ್ಟು ಮಕ್ಕಳು ಆಟ ಬಿಡುವುದು ಆ ಹಂತದಲ್ಲೇ, ಅದರಲ್ಲೂ ಹೆಣ್ಣುಮಕ್ಕಳು. ಇಲ್ಲಿನ ಹಣ ಬಸ್ ಪಾಸಿಗೆ, ಬೂಟಿಗೆ, ಮೊಟ್ಟೆ ಹಾಲಿಗೆ, ಪರೀಕ್ಷಾ ಶುಲ್ಕಕ್ಕೆ ಹೋಗುತ್ತದೆ. ಪದಕದ ಪ್ರಮಾಣಪತ್ರವನ್ನು ಕೇಳುವುದಿಲ್ಲ. ಮೈದಾನದ ಹಾಜರಾತಿ ಮತ್ತು ತರಗತಿಯ ಹಾಜರಾತಿ ಎರಡನ್ನೂ ನೋಡುತ್ತಾರೆ. ಹಾಕಿ ಆಡಿದವರೇ ಆದರೂ ಕೊಕ್ಕೊ, ಕುಸ್ತಿ, ಅಥ್ಲೆಟಿಕ್ಸ್‌ನವರಿಗೂ ಕೊಡುತ್ತಾರೆ. ಕುಸ್ತಿಯ ಗರಡಿಗಳಿಗೆ ಹೆಸರಾದ ಊರಿನಲ್ಲಿ ಇದು ನ್ಯಾಯವೇ. ಗಾಯಗೊಂಡು ಆ ಹಂಗಾಮು ಆಡಲಾಗದವರ ವೇತನವನ್ನು ನಿಲ್ಲಿಸದಿರುವುದು ನನಗೆ ಎಲ್ಲಕ್ಕಿಂತ ಹಿಡಿಸಿದ ನಿಯಮ.

ಕೊರತೆಗಳೂ ಇವೆ. ಪ್ರಚಾರ ಬೇಡವೆಂಬ ಸಂಕೋಚ ಒಳ್ಳೆಯದೇ ಇರಬಹುದು, ಆದರೆ ಬಾಯಿಂದ ಬಾಯಿಗೆ ಹರಡುವ ಸುದ್ದಿ ನಗರದ ಕಾಲೇಜುಗಳನ್ನು ದಾಟಿ ತಾಲ್ಲೂಕುಗಳಿಗೆ ಹೋಗುವುದು ಕಡಿಮೆಯಾದ್ದರಿಂದ, ನೆರವು ನಿಜವಾಗಿ ಬೇಕಾದವರಿಗೇ ವಿಷಯ ತಿಳಿಯದೆ ಹೋಗುವ ಸಾಧ್ಯತೆಯಿದೆ. ಆಯ್ಕೆಯನ್ನು ಮಾಲೀಕರೊಬ್ಬರೇ ಮಾಡುತ್ತಾರೆ, ಸಿಗದವರಿಗೆ ಕಾರಣ ತಿಳಿಸುವುದಿಲ್ಲ. ಒಬ್ಬಿಬ್ಬರು ನಿವೃತ್ತ ತರಬೇತುದಾರರನ್ನು ಜೊತೆಗಿಟ್ಟುಕೊಂಡರೆ ಅನುಮಾನಗಳಿಗೆ ಎಡೆಯಿರದು. ಸದ್ಯಕ್ಕೆ ಅರ್ಜಿ ಬೇಕಾದವರು ಸಂಜೆ ಗಿರಾಕಿಗಳ ಗದ್ದಲವಾಗುವ ಮುನ್ನ ಅಂಗಡಿಗೇ ಹೋಗಿ ಕೇಳಬೇಕು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಪತ್ರವೂ ಹಾಜರಾತಿಯ ವಿವರವೂ ಜೊತೆಗಿದ್ದರೆ ಸಾಕು.