ಗೇಮಿನೊಳಗೆ ಸಂಗೀತ ಕಚೇರಿ: ಮೂರು ಕಡೆ ನುಡಿಸಿ ನೋಡಿದೆ

ರಾಕ್ಷಸರನ್ನು ಹೊಡೆದು ಹೊಡೆದು ಸಾಕಾದ ಮೇಲೆ ನಾನು ಕೈಗೆತ್ತಿಕೊಂಡಿದ್ದು ವಾದ್ಯ. ಕೆಲವು ಆನ್‌ಲೈನ್ ರೋಲ್‌ಪ್ಲೇಯಿಂಗ್ ಗೇಮ್‌ಗಳಲ್ಲಿ ನಮ್ಮ ಪಾತ್ರ ನಿಂತಲ್ಲೇ ಹಾಡು ನುಡಿಸಬಹುದು. ಸುತ್ತ ಇರುವ ಆಟಗಾರರಿಗೆಲ್ಲ ಅದು ಕೇಳಿಸುತ್ತದೆ. ಇಂಥ ಮೂರು ಗೇಮ್‌ಗಳಲ್ಲಿ ಕೈಯಾಡಿಸಿದ್ದೇನೆ.

ಗಿಲ್ಡ್ ವಾರ್ಸ್ 2ರದ್ದು ಬೇಗ ಹೇಳಿ ಮುಗಿಸುತ್ತೇನೆ. ಹಾರ್ಪ್ ಎಂಬ ತಂತಿವಾದ್ಯದಲ್ಲಿ 1ರಿಂದ 8ರವರೆಗಿನ ಕೀಗಳು ಸ್ವರಗಳು, 9 ಮತ್ತು 0 ಸ್ಥಾಯಿ ಬದಲಿಸಲು. ಹಾಡು ಸ್ವಲ್ಪ ಮೇಲೆ ಕೆಳಗೆ ಓಡಿದರೆ ಸಾಕು, ನನ್ನ ಬೆರಳು ತಡವರಿಸುತ್ತದೆ. ಸುಮ್ನೆ ಒಬ್ಬರೇ ಕೂತು ಟಿಂಗ್ ಟಿಂಗ್ ಅನ್ನಿಸಲು ಚೆನ್ನಾಗಿದೆ, ಅಷ್ಟೇ.

ಫೈನಲ್ ಫ್ಯಾಂಟಸಿ 14ರಲ್ಲಿ ನುಡಿಸಬೇಕೆಂದರೆ ನಮ್ಮ ಪಾತ್ರ ಬಾರ್ಡ್, ಅಂದರೆ ಹಾಡುಗಾರ, ಆಗಲೇಬೇಕು. ಆದರೆ ಇಲ್ಲಿ ಮೂರು ಸ್ಥಾಯಿಗಳನ್ನೂ ಕೀಬೋರ್ಡ್ ಮೇಲೆ ಹರಡಿಕೊಳ್ಳಬಹುದು. ಎಂಟು ಜನ ಸೇರಿ ಮೇಳವನ್ನೂ ಕಟ್ಟಬಹುದು. ಎಲ್ಲರ ನೆಟ್ ಒಂದೇ ವೇಗದಲ್ಲಿ ಇರಲ್ಲ ಅಲ್ವಾ? ಅದಕ್ಕೇ ಮೇಳ ನುಡಿಸುವಾಗ ಗೇಮ್ ಎಲ್ಲರ ಸ್ವರಗಳನ್ನೂ ಸ್ವಲ್ಪ ಹೊತ್ತು ತಡೆದು, ಹೊಂದಿಸಿ ಬಿಡುತ್ತದೆ. ಕೇಳುವವರಿಗೆ ಸೊಗಸು. ನುಡಿಸುವವರು ಮಾತ್ರ ಪಕ್ಕದವರನ್ನು ಬಿಟ್ಟು, ಟಿಕ್ ಟಿಕ್ ಎಂದು ಲಯ ತೋರಿಸುವ ಮೆಟ್ರೊನೋಮನ್ನೇ ನಂಬಬೇಕು. ಕಷ್ಟಪಟ್ಟು ಕಲಿತ ಹಾಡು ಕೈಗೆ ಕೂತಾಗಿನ ಖುಷಿಯೇ ಬೇರೆ, ಅದು ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. ಆದರೆ ಒಮ್ಮೆ ಯಾರೋ ಎದುರು ನಿಂತು "ಇದು ಯಾವ ಹಾಡು?" ಎಂದು ಚಾಟ್‌ನಲ್ಲಿ ಕೇಳಿದರು. ನನ್ನ ಎರಡೂ ಕೈ ಸ್ವರಗಳ ಮೇಲಿದ್ದವು. ಹಾಡು ಮುಗಿಸಿ ಉತ್ತರ ಟೈಪ್ ಮಾಡುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

2007ರಲ್ಲಿ ಶುರುವಾದ ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್‌ನಲ್ಲಿ ಇದು ಉಲ್ಟಾ. ಕೈಯಿಂದಲೂ ನುಡಿಸಬಹುದು, ಆದರೆ ಹೆಚ್ಚಿನವರು ಎಬಿಸಿ ಫೈಲ್ ಬಳಸುತ್ತಾರೆ. ಅದು ಬರೀ ಅಕ್ಷರಗಳಲ್ಲಿ ಬರೆದ ಸ್ವರಲಿಪಿ, ನೋಟ್‌ಪ್ಯಾಡ್‌ನಲ್ಲೇ ತಿದ್ದಬಹುದು. ಮ್ಯೂಸಿಕ್ ಫೋಲ್ಡರ್‌ನಲ್ಲಿಟ್ಟು ಕಮಾಂಡ್ ಕೊಟ್ಟರೆ ಪಾತ್ರ ತಾನೇ ನುಡಿಸುತ್ತದೆ. "ಇದೆಂಥಾ ನುಡಿಸೋದು?" ಎಂದು ಮೊದಲು ನಾನೂ ಮೂಗು ಮುರಿದೆ. ಆಮೇಲೆ ಗೊತ್ತಾಯಿತು, ಕೆಲಸವೆಲ್ಲ ಮೊದಲೇ ಆಗಿರುತ್ತದೆ. ಲೂಟ್ ಎಂಬ ತಂತಿವಾದ್ಯಕ್ಕೆ ಯಾವ ಸಾಲು, ಅದರದೇ ಜಾತಿಯ ದೊಡ್ಡ ವಾದ್ಯ ಥಿಯೋರ್ಬೊಗೆ ಯಾವುದು, ಡ್ರಮ್ ಎಲ್ಲಿ ಸುಮ್ಮನಿರಬೇಕು ಎಂದು ಯಾರೋ ಕೂತು ಹಂಚಿರುತ್ತಾರೆ. ನುಡಿಸುವ ಹೊತ್ತಿಗೆ ಕೈ ಖಾಲಿ. ಹಾಡು ನಡೆಯುತ್ತಿರುವಾಗಲೇ ಕೇಳುಗರ ಜೊತೆ ಹರಟೆ, ತಮಾಷೆ, ಮುಂದಿನ ಹಾಡಿಗೆ ಬೇಡಿಕೆ. ನನಗೆ ಗೆಳೆಯರು ಸಿಕ್ಕಿದ್ದು ಇಲ್ಲೇ. ಗೇಮಿನೊಳಗಿನ ವೆದರ್‌ಟಾಪ್ ಗುಡ್ಡದ ಮೇಲೆ ಆಟಗಾರರೇ ಸೇರಿ ವರ್ಷಕ್ಕೊಮ್ಮೆ ವೆದರ್‌ಸ್ಟಾಕ್ ಎಂಬ ಸಂಗೀತ ಹಬ್ಬ ನಡೆಸಿಕೊಂಡು ಬಂದಿದ್ದಾರೆ ಎಂದರೆ ಈ ಹುಚ್ಚು ಎಷ್ಟು ಜನರಿಗಿದೆ ನೋಡಿ.

ಹಾಗಂತ ಎಡವಟ್ಟು ಇಲ್ಲದಿಲ್ಲ. ಮೇಳದಲ್ಲಿ ಪ್ರತಿಯೊಬ್ಬರೂ ತಮ್ಮ ಭಾಗದ ನಂಬರ್ ಕೊಟ್ಟು ಕಾಯಬೇಕು, ಆಮೇಲೆ ಒಬ್ಬರು ಶುರು ಮಾಡಿಸುತ್ತಾರೆ. ಒಮ್ಮೆ ನಾನು ಕೈಯಲ್ಲಿ ಕೊಳಲು ಹಿಡಿದು ಡ್ರಮ್‌ನ ನಂಬರ್ ಕೊಟ್ಟುಬಿಟ್ಟೆ. ಕೊಳಲು ಅರ್ಥವಿಲ್ಲದೆ ಕಿರುಚತೊಡಗಿತು. ಕೈ ಖಾಲಿ ಇತ್ತಲ್ಲ, ಚಾಟ್‌ನಲ್ಲಿ "ಕ್ಷಮಿಸಿ" ಎಂದೆ. ಎದುರಿಗಿದ್ದವರು ಕುಣಿತ ನಿಲ್ಲಿಸಲಿಲ್ಲ. "ಇನ್ನೊಂದ್ಸಲ ಹಾಗೇ ನುಡಿಸಿ" ಎಂದರು.